ಮೇಲು ಕೀಳಿನ ಲೆಕ್ಕ

ಮದುವೆಯ ಚಪ್ಪರದಲ್ಲಿ ಮೊದಲನೆಯ ತಾಂಬೂಲವು ಯಾರ ಕೈಗೆ ಸಲ್ಲಬೇಕೆಂಬ ಪ್ರಶ್ನೆಯು ನಮ್ಮ ಹಿರಿಯರ ಕಾಲದಲ್ಲಿ ಸಣ್ಣದಾಗಿರಲಿಲ್ಲ. ತಟ್ಟೆಯನ್ನು ಹಿಡಿದು ನಿಂತವನ ಕೈ ಒಂದು ಕ್ಷಣ ತಡೆಯಿತೆಂದರೆ ಸಭೆಯೆಲ್ಲವೂ ಆ ಕೈಯನ್ನೇ ನೋಡುತ್ತಿತ್ತು. ಆತನು ಯಾರ ಕಡೆಗೆ ತಿರುಗಿದನೋ ಅವರು ದೊಡ್ಡವರಾದರು. ಯಾರನ್ನು ದಾಟಿ ಮುಂದೆ ನಡೆದನೋ ಅವರ ಮನೆಯಲ್ಲಿ ಆ ಮಾತು ಎರಡು ತಲೆಯವರೆಗೆ ಆರದೆ ಉಳಿಯಿತು. ಇವರು ಮೇಲು, ಅವರು ಕೀಳು, ಇವನು ನಮಗೆ ಸಮ ಎಂದು ತೂಗಿ ನೋಡದ ಜನಸಮುದಾಯವು ಭೂಮಿಯ ಮೇಲೆ ಎಲ್ಲಿಯೂ ಇದ್ದಂತಿಲ್ಲ. ಆದರೆ ಹೀಗೆ ತೂಗುವಾಗ ನಾವು ನಿಜವಾಗಿ ಏನನ್ನು ಕಾಣುತ್ತೇವೆ? ಮರದ ಎತ್ತರವನ್ನು ಕಂಡಂತೆ ಮನುಷ್ಯನ ಅಂತಸ್ತನ್ನು ಕಣ್ಣಾರೆ ಕಾಣುತ್ತೇವೆಯೆ? ಅಥವಾ ನಾವು ನಿಂತ ಮೆಟ್ಟಿಲಿನಿಂದ ಅಳೆದು, ಆ ಅಳತೆಯನ್ನೇ ಲೋಕದ ಸ್ವರೂಪವೆಂದು ನಂಬಿಬಿಡುತ್ತೇವೆಯೆ?

ಈ ಪ್ರಶ್ನೆಗೆ ತರ್ಕದಿಂದ ಉತ್ತರವನ್ನು ಹುಡುಕುವುದಕ್ಕಿಂತ ಚರಿತ್ರೆಯಿಂದ ಹುಡುಕುವುದು ಲೇಸು. ಏಕೆಂದರೆ ನಮ್ಮ ದೇಶದಲ್ಲಿ ಒಂದು ಕಾಲಕ್ಕೆ ಈ ಮೇಲು ಕೀಳುಗಳನ್ನೆಲ್ಲ ಸರ್ಕಾರದ ಪುಸ್ತಕದಲ್ಲಿ ಸಾಲಾಗಿ ಬರೆದುಬಿಡುವ ಪ್ರಯತ್ನವು ನಡೆಯಿತು. ಆ ಪ್ರಯತ್ನವು ಹೇಗೆ ಹುಟ್ಟಿತು, ಏಕೆ ಕೆಟ್ಟಿತು, ಕೆಟ್ಟ ಮೇಲೆ ಅದರಿಂದ ಯಾವ ಒಳ್ಳೆಯದು ಹೊರಟಿತು ಎಂಬುದನ್ನು ಸಂಗ್ರಹವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

೧. ಕಂಚಿಯ ತಾಮ್ರಪಟ

ಶ್ರೀರಂಗಪಟ್ಟಣವು ೧೭೯೯ರಲ್ಲಿ ಬಿದ್ದ ಮೇಲೆ, ಹೊಸದಾಗಿ ಕೈಸೇರಿದ ಸೀಮೆಯ ಸ್ಥಿತಿಗತಿಗಳನ್ನು ತಿಳಿದುಬರುವುದಕ್ಕಾಗಿ ಗವರ್ನರ್ ಜನರಲ್ ವೆಲ್ಲೆಸ್ಲಿಯು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ನೇಮಿಸಿದನು. ಬುಕಾನನನು ೧೮೦೦ನೆಯ ಏಪ್ರಿಲಿನಲ್ಲಿ ಮದರಾಸನ್ನು ಬಿಟ್ಟು ಮೈಸೂರು, ಮಲೆಯಾಳ, ಕನ್ನಡ ಜಿಲ್ಲೆಗಳನ್ನೆಲ್ಲ ಸುತ್ತಿದನು. ಹೊಲ, ಮಗ್ಗ, ಗಾಣ, ಕುಲುಮೆ ಒಂದನ್ನೂ ಆತನು ಬಿಟ್ಟವನಲ್ಲ. ಆತನಿಗೆ ಬಹಳ ವಿಚಿತ್ರವಾಗಿ ತೋರಿದ ಸಂಗತಿಗಳಲ್ಲಿ ಎಡಗೈ ಬಲಗೈ ಎಂಬ ಪಂಗಡಗಳ ಭೇದವೂ ಒಂದು.

ಆ ಕಾಲದಲ್ಲಿ ನಮ್ಮ ಸೀಮೆಯ ಕಸಬುದಾರರೂ ವರ್ತಕರೂ ಬೇಸಾಯಗಾರರೂ ಎರಡು ಕಟ್ಟಾಗಿ ಒಡೆದುಕೊಂಡಿದ್ದರು. ಎಡಗೈಯವರು ಒಂಬತ್ತು ಪಣ, ಬಲಗೈಯವರು ಹದಿನೆಂಟು ಪಣ. ಎಡಗೈಗೆ ಪಾಂಚಾಲರು ಮುಂದಾಳುಗಳು, ಬಲಗೈಗೆ ಬಣಜಿಗರು. ಭೇದವು ಎಷ್ಟು ಸೂಕ್ಷ್ಮವೆಂದರೆ, ನೇಕಾರರಲ್ಲಿಯೇ ದೇವಾಂಗರು ಎಡಕ್ಕೆ, ಪದ್ಮಸಾಲೆಯವರು ಬಲಕ್ಕೆ. ಗಾಣಕ್ಕೆ ಒಂದು ಎತ್ತನ್ನು ಕಟ್ಟುವ ಎಣ್ಣೆಯವರು ಬಲಕ್ಕೆ, ಎರಡು ಎತ್ತುಗಳನ್ನು ಕಟ್ಟುವವರು ಎಡಕ್ಕೆ. ಮದುವೆಯ ಚಪ್ಪರಕ್ಕೆ ಹನ್ನೆರಡು ಕಂಬಗಳನ್ನು ನಿಲ್ಲಿಸುವ ಅಧಿಕಾರ ತಮಗೆ ಮಾತ್ರ ಉಂಟೆಂದೂ, ಎಡಗೈಯವರಿಗೆ ಮೆರವಣಿಗೆಯಲ್ಲಿ ಕುದುರೆಯೇರುವ ಹಕ್ಕಿಲ್ಲವೆಂದೂ, ಹನುಮಂತನ ಚಿತ್ರವುಳ್ಳ ಬಾವುಟವನ್ನು ಹಿಡಿಯುವ ಹಕ್ಕಿಲ್ಲವೆಂದೂ ಬಲಗೈಯವರು ವಾದಿಸುತ್ತಿದ್ದರು. ಈ ಮರ್ಯಾದೆಗಳೆಲ್ಲವೂ ತಮಗೂ ಸಲ್ಲುವುವೆಂದು ಎಡಗೈಯವರು ಹೇಳುತ್ತಿದ್ದರು.

ಇದಕ್ಕೆ ಆಧಾರವೇನೆಂದು ಬುಕಾನನನು ವಿಚಾರಿಸಿದನು. ಕಂಚಿಯಲ್ಲಿ ಕಾಳಿಕಾದೇವಿಯೇ ಈ ವಿಭಾಗವನ್ನು ಮಾಡಿ, ಅದರ ಕಟ್ಟಳೆಗಳನ್ನು ತಾಮ್ರಪಟದಲ್ಲಿ ಕೆತ್ತಿಸಿದ್ದಾಳೆಂಬ ಉತ್ತರ ಬಂದಿತು. ಬಲಗೈಯವರು ತೋರಿಸಿದ್ದು ಆ ಪಟವನ್ನೇ; ಎಡಗೈಯವರು ತೋರಿಸಿದ್ದೂ ಆ ಪಟವನ್ನೇ. ದೇವಿಯು ತಮ್ಮನ್ನು ಎಡಗಡೆಯಲ್ಲಿ ಕುಳ್ಳಿರಿಸಿಕೊಂಡಳಾದ್ದರಿಂದ, ಎಡವೇ ಮರ್ಯಾದೆಯ ಸ್ಥಾನವಾದ್ದರಿಂದ, ತಾವೇ ಶ್ರೇಷ್ಠರೆಂಬುದು ಇವರ ವಾದ. ಇಬ್ಬರೂ ಒಂದೇ ಪಟದಿಂದ ಪರಸ್ಪರ ವಿರುದ್ಧವಾದ ಹಕ್ಕುಗಳನ್ನು ಸಾಧಿಸುತ್ತಿದ್ದುದನ್ನು ಕಂಡ ಬುಕಾನನನು, ಅಂತಹ ಪಟವೊಂದು ಇರುವುದೇ ಸಂದೇಹವೆಂದು ಬರೆದಿಟ್ಟನು.

ಅದೇ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ನೆಲಸಿದ್ದ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ತಾನು ಕಣ್ಣಾರೆ ಕಂಡ ಒಂದು ಜಗಳವನ್ನು ವರ್ಣಿಸಿದ್ದಾನೆ. ಚರ್ಮದ ಕಸಬಿನವನೊಬ್ಬನು ಒಂದು ಸಮಾರಂಭಕ್ಕೆ ತಲೆಯ ರುಮಾಲಿನಲ್ಲಿ ಕೆಂಪು ಹೂವನ್ನು ಮುಡಿದು ಬಂದನಂತೆ. ಆ ಹೂವು ಆತನ ಜಾತಿಗೆ ಸಲ್ಲದೆಂದು ಎದುರಿನ ಪಂಗಡದವರು ಎದ್ದರು. ಈ ಎರಡು ಪಕ್ಷದವರೂ ಊರಿನ ಇತರರ ಕಣ್ಣಿಗೆ ಕಡುಕೀಳಾದವರೇ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಕೆಳಗಿನ ಮೆಟ್ಟಿಲಿನಲ್ಲಿ ನಿಂತವರಿಗೂ ತಮಗಿಂತ ಕೆಳಗೆ ಇನ್ನೊಬ್ಬರನ್ನು ನಿಲ್ಲಿಸದೆ ಸಮಾಧಾನವಿರಲಿಲ್ಲ.

ಈ ಎರಡು ಸಂಗತಿಗಳಿಂದ ಒಂದು ಅಂಶವು ಸ್ಪಷ್ಟವಾಗುತ್ತದೆ. ೧೮೦೦ರಲ್ಲಿ ಮೇಲು ಕೀಳೆಂಬುದು ಇತ್ತು; ಬಲವಾಗಿಯೂ ಇತ್ತು. ಆದರೆ ಅದು ತೀರ್ಪಾಗಿರಲಿಲ್ಲ, ವ್ಯಾಜ್ಯವಾಗಿತ್ತು. ಒಂದು ಊರಿನಲ್ಲಿ ಗೆದ್ದವರು ಮತ್ತೊಂದು ಊರಿನಲ್ಲಿ ಸೋಲುತ್ತಿದ್ದರು. ಎಲ್ಲರೂ ಒಪ್ಪಿದ ಪಟ್ಟಿ ಎಂಬುದು ಕಂಚಿಯ ತಾಮ್ರಪಟದಂತೆ, ಎಲ್ಲರೂ ಹೆಸರಿಸುವ, ಆದರೆ ಯಾರೂ ಕಾಣದ ವಸ್ತುವಾಗಿತ್ತು.

೨. ತಲೆಯೆಣಿಕೆಯೂ ಅಂತಸ್ತಿನ ಎಣಿಕೆಯೂ

ಮುಂದೆ ಎಪ್ಪತ್ತು ವರ್ಷಗಳ ಮೇಲೆ ಖಾನೇಷುಮಾರಿ ಬಂದಿತು. ೧೮೭೧-೭೨ರಲ್ಲಿ ಮೊದಲ ಗಣತಿಯಾಯಿತು. ದೇಶದಲ್ಲೆಲ್ಲ ಒಂದೇ ಕಾಲಕ್ಕೆ ಎಣಿಸುವ ಕ್ರಮವು ೧೮೮೧ನೆಯ ಫೆಬ್ರವರಿ ೧೭ರಂದು ಆರಂಭವಾಯಿತು. ಮೈಸೂರಿನಲ್ಲಿ ಆಗ ಬ್ರಿಟಿಷ್ ಕಮಿಷನರ ಆಳ್ವಿಕೆಯ ಕೊನೆಯ ದಿನಗಳು. ಐದು ವಾರಗಳ ಮೇಲೆ, ಮಾರ್ಚ್ ೨೫ರಂದು, ರಾಜ್ಯವು ಚಾಮರಾಜೇಂದ್ರ ಒಡೆಯರ ಕೈಗೆ ಬಂದಿತು.

ಎಣಿಕೆಯಿಂದ ಏನು ಪ್ರಯೋಜನವೆಂಬುದಕ್ಕೆ ಆ ಮೊದಲ ಎರಡು ಗಣತಿಗಳೇ ಸಾಕ್ಷಿ. ೧೮೭೧ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ೫೦ ಲಕ್ಷಕ್ಕೆ ಮೀರಿದ್ದಿತು. ೧೮೮೧ರಲ್ಲಿ ಅದು ೪೨ ಲಕ್ಷಕ್ಕೂ ಕಡಮೆಯಾಗಿತ್ತು. ನಡುವೆ ೧೮೭೬ರಿಂದ ೧೮೭೮ರವರೆಗೆ ನಾಡನ್ನು ಹಾಳುಗೆಡವಿದ ಬರಗಾಲವು ಎಷ್ಟು ಮನೆಗಳ ದೀಪವನ್ನು ಆರಿಸಿತೆಂಬುದನ್ನು ಆ ಎರಡು ಅಂಕೆಗಳು ಹೇಳಿದಷ್ಟು ಸ್ಫುಟವಾಗಿ ಬೇರೆ ಯಾವ ದಾಖಲೆಯೂ ಹೇಳಲಾರದು. ಇಲ್ಲಿ ಎಣಿಕೆಯವನ ಅಭಿಪ್ರಾಯಕ್ಕೆ ಸ್ಥಳವಿಲ್ಲ. ಮನುಷ್ಯನು ಇದ್ದನೋ ಇಲ್ಲವೋ, ಅಷ್ಟೆ.

ಆದರೆ ಎಣಿಸುವವರು ತಲೆಗಳನ್ನು ಎಣಿಸುವುದರಲ್ಲಿಯೇ ತೃಪ್ತರಾಗಲಿಲ್ಲ. ಜಾತಿಗಳ ಹೆಸರುಗಳನ್ನು ಬರೆದುಕೊಂಡರು; ಬರೆದುಕೊಂಡ ಮೇಲೆ ಅವುಗಳನ್ನು ಯಾವ ಕ್ರಮದಲ್ಲಿ ಅಚ್ಚುಮಾಡಬೇಕೆಂಬ ಪ್ರಶ್ನೆಯು ಹುಟ್ಟಿತು. ೧೯೦೧ರ ಗಣತಿಗೆ ಮುಖ್ಯಾಧಿಕಾರಿಯಾಗಿದ್ದ ಹರ್ಬರ್ಟ್ ರಿಸ್ಲಿಯು ಇದಕ್ಕೆ ಒಂದು ಉತ್ತರವನ್ನು ಕೊಟ್ಟನು. ಆಯಾ ಪ್ರಾಂತದ ದೇಶೀಯರ ಅಭಿಪ್ರಾಯದಲ್ಲಿ ಯಾವ ಜಾತಿಗೆ ಎಷ್ಟು ಗೌರವವುಂಟೋ ಆ ಅಂತಸ್ತಿನ ಅನುಕ್ರಮದಲ್ಲಿಯೇ ಜಾತಿಗಳನ್ನು ಸಾಲುಗೊಳಿಸಬೇಕೆಂದು ಆತನು ವಿಧಿಸಿದನು.

ರಿಸ್ಲಿಯು ಸಾಮಾನ್ಯನಲ್ಲ. ಬಂಗಾಳದ ಜಾತಿಗಳನ್ನು ಕುರಿತು ವರ್ಷಗಟ್ಟಲೆ ವಿಷಯ ಸಂಗ್ರಹ ಮಾಡಿದ ಶ್ರಮಶಾಲಿ. ಆದರೆ ಅಂತಸ್ತೆಂಬುದು ದೇಹದಲ್ಲಿಯೇ ಬರೆದಿದೆಯೆಂಬ ನಂಬಿಕೆಯು ಆತನನ್ನು ಹಿಡಿದಿತ್ತು. ಆತನು ಜನರ ಮೂಗುಗಳನ್ನು ಅಳೆಸಿ, ಮೂಗಿನ ಅಗಲ ಹೆಚ್ಚಿದಷ್ಟೂ ಜಾತಿಯ ಅಂತಸ್ತು ಇಳಿಯುವುದೆಂಬ ಸಿದ್ಧಾಂತವನ್ನು ಸಾರಿದನು. ಜಿ. ಎಸ್. ಘುರ್ಯೆಯವರು ೧೯೩೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅದೇ ಅಳತೆಗಳನ್ನು ಮತ್ತೆ ಪರಿಶೀಲಿಸಿ, ಉತ್ತರ ಹಿಂದೂಸ್ಥಾನದ ಹೊರಗೆ ಈ ಸಂಬಂಧವು ನಿಲ್ಲುವುದಿಲ್ಲವೆಂದು ತೋರಿಸಿದರು. ಮೂಗನ್ನು ಅಳೆದು ಮಾನವನ್ನು ನಿರ್ಣಯಿಸುವ ಆ ವಿದ್ಯೆಯನ್ನು ಈಗ ಯಾವ ವಿದ್ವಾಂಸರೂ ನಂಬುವುದಿಲ್ಲ.

ರಿಸ್ಲಿಯ ಆಜ್ಞೆಯು ಹೊರಟೊಡನೆ ದೇಶವೆಲ್ಲ ಒಂದು ದೊಡ್ಡ ನ್ಯಾಯಸ್ಥಾನವಾಯಿತು. ಅಲ್ಲಿಯವರೆಗೆ ಚಪ್ಪರದ ಕಂಬಗಳ ಬಳಿ ನಡೆಯುತ್ತಿದ್ದ ವ್ಯಾಜ್ಯವು ಸರ್ಕಾರದ ಮೇಜಿನ ಮೇಲಕ್ಕೆ ಬಂದಿತು. ತಮ್ಮನ್ನು ವೈಶ್ಯರೊಡನೆ ಸೇರಿಸುವರೆಂಬ ಸುದ್ದಿಯನ್ನು ಕೇಳಿದ ಖತ್ರಿಗಳು ೧೯೦೧ರಲ್ಲಿ ಬರೇಲಿಯಲ್ಲಿ ಮಹಾಸಭೆಯನ್ನು ಕೂಡಿಸಿ, ತಾವು ಕ್ಷತ್ರಿಯರೆಂಬುದಕ್ಕೆ ಪ್ರಮಾಣಗಳನ್ನು ಒದಗಿಸಿ, ತಮ್ಮ ಪಕ್ಷವನ್ನು ಗೆದ್ದುಕೊಂಡರು. ಊರೂರಿನಲ್ಲಿ ಜಾತಿಯ ಸಭೆಗಳು ಹುಟ್ಟಿದುವು. ಪಂಡಿತರಿಂದ ವ್ಯವಸ್ಥಾಪತ್ರಗಳು ಬಂದುವು. ಹಳೆಯ ಹೆಸರುಗಳು ಹೋಗಿ ಸಂಸ್ಕೃತದ ಹೊಸ ಹೆಸರುಗಳು ಬಂದುವು. ೧೯೧೧ರ ಗಣತಿಯ ಹೊತ್ತಿಗೆ ಬಂಗಾಳ ಪ್ರಾಂತವೊಂದರಲ್ಲಿಯೇ ಬಂದ ಅರ್ಜಿಗಳ ತೂಕವು ಒಂದೂವರೆ ಮಣವಾಯಿತೆಂದು ಅಲ್ಲಿಯ ಅಧಿಕಾರಿ ಬರೆದಿದ್ದಾನೆ. ಆ ವರ್ಷದ ಮುಖ್ಯಾಧಿಕಾರಿಯಾದ ಗೇಟ್ ಎಂಬಾತನು ಅಂತಸ್ತಿನ ಪಟ್ಟಿಯನ್ನೇ ಕೈಬಿಟ್ಟನು. ಆದರೂ ಅರ್ಜಿಗಳು ನಿಲ್ಲಲಿಲ್ಲ. ೧೯೩೧ರ ಗಣತಿಯ ಮುಖ್ಯಾಧಿಕಾರಿ ಹಟ್ಟನನು ಒಂದು ವಿಚಿತ್ರವನ್ನು ದಾಖಲೆ ಮಾಡಿದ್ದಾನೆ: ಒಂದು ಪ್ರಾಂತದಲ್ಲಿ ತಾವು ಬ್ರಾಹ್ಮಣರೆಂದು ಅರ್ಜಿ ಕೊಟ್ಟ ಜಾತಿಯವರೇ ಇನ್ನೊಂದು ಪ್ರಾಂತದಲ್ಲಿ ತಾವು ರಜಪೂತರೆಂದು ಕೇಳಿಕೊಂಡರಂತೆ.

ಇದನ್ನು ಓದಿ ನಗುವುದು ಸುಲಭ. ಆದರೆ ನಗುವಿಗೆ ಅರ್ಹರು ಅರ್ಜಿದಾರರಲ್ಲ. ಲೋಕದಲ್ಲಿ ಸ್ಥಿರವಾಗಿ ಬಿದ್ದಿರುವುದನ್ನು ತಾನು ಬರೆದುಕೊಳ್ಳುತ್ತಿದ್ದೇನೆಂದು ಸರ್ಕಾರವು ಭಾವಿಸಿತು. ಬರೆಯುವುದರಿಂದಲೇ ಆ ವಸ್ತುವು ಬದಲಾಗುತ್ತಿದೆಯೆಂದು ಅದಕ್ಕೆ ತಿಳಿಯಲಿಲ್ಲ. ಊರಿನ ಬಾಯಿಮಾತಿನಲ್ಲಿ ಕೀಳೆನಿಸಿಕೊಂಡವನಿಗೆ ಪಕ್ಕದ ಊರಿನಲ್ಲಿಯಾದರೂ ತಲೆಯೆತ್ತುವ ಆಸೆಯಿತ್ತು. ಅಚ್ಚಿನ ಪುಸ್ತಕದಲ್ಲಿ ಕೀಳೆನಿಸಿಕೊಂಡವನಿಗೆ ಪಕ್ಕದ ಊರೇ ಇರಲಿಲ್ಲ. ಆದುದರಿಂದಲೇ ಅಷ್ಟು ಅರ್ಜಿಗಳು ಬಂದುವು.

೩. ಒಂದು ಹಳ್ಳಿಯ ಸಾಕ್ಷ್ಯ

ಊರಿನ ಜನರ ಅಭಿಪ್ರಾಯವನ್ನು ಸಾಲಾಗಿ ಬರೆಯುವುದು ಏಕೆ ಸಾಧ್ಯವಾಗಲಿಲ್ಲವೆಂಬುದಕ್ಕೆ ಸರಿಯಾದ ಉತ್ತರವನ್ನು ಕೊಟ್ಟವರು ಮೈಸೂರಿನವರೇ ಆದ ಎಂ. ಎನ್. ಶ್ರೀನಿವಾಸರು. ೧೯೪೮ರಲ್ಲಿ ಅವರು ಮೈಸೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ನೆಲಸಿ, ಅಲ್ಲಿಯ ಜನಜೀವನವನ್ನು ಹತ್ತಿರದಿಂದ ನೋಡಿದರು. ತಮ್ಮ ಬರವಣಿಗೆಯಲ್ಲಿ ಆ ಊರನ್ನು ರಾಂಪುರವೆಂದು ಕರೆದರು. ೧೯೭೦ನೆಯ ಏಪ್ರಿಲಿನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿದ್ದ ಅವರ ಕೊಠಡಿಗೆ ಬೆಂಕಿ ಬಿದ್ದು, ಆ ಟಿಪ್ಪಣಿಗಳ ಸಂಸ್ಕರಿಸಿದ ಪ್ರತಿಗಳು ಸುಟ್ಟುಹೋದುವು. ಅವರು ಧೃತಿಗೆಡದೆ ನೆನಪಿನ ಬಲದಿಂದಲೇ ಬರೆದ ಪುಸ್ತಕವು ೧೯೭೬ರಲ್ಲಿ ಹೊರಬಂದಿತು.

ಗಣತಿಯ ಗುಮಾಸ್ತನು ಕಾಣದ ಸಂಗತಿಯು ಹಳ್ಳಿಯ ಜಗಲಿಯ ಮೇಲೆ ಕುಳಿತ ಶ್ರೀನಿವಾಸರಿಗೆ ಕಂಡಿತು. ಜಾತಿಯ ಏಣಿಯ ಎರಡು ತುದಿಗಳು ಮಾತ್ರ ನಿಶ್ಚಿತವಾಗಿವೆ. ನಡುವಣ ಮೆಟ್ಟಿಲುಗಳೆಲ್ಲ ವಾದಗ್ರಸ್ತ. ಒಂದು ಜಾತಿಯವರು ತಾವು ಇಂಥವರಿಗೆ ಸಮಾನರೆನ್ನುತ್ತಾರೆ. ಆ ಇಂಥವರು ಅಲ್ಲವೆನ್ನುತ್ತಾರೆ. ಇಬ್ಬರೂ ತಮ್ಮ ತಮ್ಮ ಪ್ರಮಾಣವನ್ನು ಮುಂದಿಡುತ್ತಾರೆ. ಯಾರ ಮನೆಯ ನೀರನ್ನು ಯಾರು ಕುಡಿಯುತ್ತಾರೆ, ಯಾರು ಮಾಂಸವನ್ನು ಬಿಟ್ಟವರು, ಯಾರ ಕಸಬು ಶುಚಿಯಾದುದು ಎಂಬ ಪ್ರಮಾಣಗಳಲ್ಲಿ ಪ್ರತಿಯೊಬ್ಬನೂ ತನಗೆ ಅನುಕೂಲವಾದುದನ್ನು ಎತ್ತಿಹಿಡಿಯುತ್ತಾನೆ. ಈ ಅಸ್ಪಷ್ಟತೆಯೇ ಆ ವ್ಯವಸ್ಥೆಯ ಜೀವ. ಅಸ್ಪಷ್ಟವಾದುದರಿಂದಲೇ ಒಂದು ಗುಂಪು ಮೇಲಿನವರ ಆಚಾರಗಳನ್ನು ಹಿಡಿದು ಒಂದೆರಡು ತಲೆಮಾರಿನಲ್ಲಿ ಮೇಲಕ್ಕೆ ಸರಿಯುವುದು ಸಾಧ್ಯವಾಗುತ್ತಿತ್ತು. ಇದನ್ನು ಶ್ರೀನಿವಾಸರು ಸಂಸ್ಕೃತೀಕರಣವೆಂದು ಕರೆದರು.

ಇದರಿಂದ ಸಿದ್ಧವಾಗುವುದೇನೆಂದರೆ, ಅಂತಸ್ತಿನ ವಿಷಯದಲ್ಲಿ ಜನಾಭಿಪ್ರಾಯವೆಂಬ ಒಂದೇ ವಸ್ತುವಿಲ್ಲ. ಇರುವುದು ನೂರು ಜಗಲಿಗಳ ನೂರು ಅಭಿಪ್ರಾಯಗಳು. ಅಧಿಕಾರಿಯು ಯಾವ ಜಗಲಿಯ ಮೇಲೆ ಕುಳಿತು ಕೇಳಿದನೋ ಅಲ್ಲಿಯ ಮಾತು ಅಚ್ಚಾಯಿತು. ೧೯೦೧ರಲ್ಲಿ ಅಧಿಕಾರಿಗಳಿಗೆ ಹೇಳುವವರು ಬಹುಮಟ್ಟಿಗೆ ಓದುಬಲ್ಲವರು. ಓದುಬಲ್ಲವರು ಬಹುಮಟ್ಟಿಗೆ ಮೇಲಿನ ಮೆಟ್ಟಿಲಿನವರು. ಮೇಲಿನಿಂದ ನೋಡುವವರಿಗೆ ಏಣಿಯು ಯಾವಾಗಲೂ ನೆಟ್ಟಗೆ ಕಾಣುತ್ತದೆ.

೪. ಮೈಸೂರಿನ ದಾರಿ

ಮೈಸೂರು ಸಂಸ್ಥಾನದಲ್ಲಿ ಈ ಅಲೆಯು ಬೇರೊಂದು ರೂಪವನ್ನು ತಾಳಿತು. ಇಲ್ಲಿಯ ಜಾತಿಗಳ ಆಚಾರ ವ್ಯವಹಾರಗಳ ಸಂಶೋಧನೆಯನ್ನು ನಡೆಸಿದವರು ಎಚ್. ವಿ. ನಂಜುಂಡಯ್ಯನವರು, ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರೂ ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಉಪಕುಲಪತಿಗಳೂ ಅವರೇ. ೧೯೨೦ರಲ್ಲಿ ಅವರು ತೀರಿಕೊಂಡ ಮೇಲೆ ಎಲ್. ಕೆ. ಅನಂತಕೃಷ್ಣ ಅಯ್ಯರವರು ಆ ಕೆಲಸವನ್ನು ಮುಂದುವರಿಸಿ ಸಂಪುಟಗಳಾಗಿ ಹೊರತಂದರು. ಇತ್ತ ೧೯೦೪ರಲ್ಲಿ ವೀರಶೈವ ಮಹಾಸಭೆಯೂ ೧೯೦೬ರಲ್ಲಿ ಒಕ್ಕಲಿಗರ ಸಂಘವೂ ಹುಟ್ಟಿದುವು. ಇವುಗಳಿಗೆ ಹೆಸರಿನ ಮರ್ಯಾದೆಯಷ್ಟೇ ಮುಖ್ಯವಾದುದು ವಿದ್ಯೆ, ವಿದ್ಯಾರ್ಥಿನಿಲಯಗಳು, ವಿದ್ಯಾರ್ಥಿವೇತನಗಳು.

೧೯೧೮ರಲ್ಲಿ ಚೀಫ್ ಜಡ್ಜರಾದ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರವು ಒಂದು ಸಮಿತಿಯನ್ನು ನೇಮಿಸಿತು. ಸರ್ಕಾರದ ನೌಕರಿಯಲ್ಲಿ ಸಾಕಷ್ಟು ಸ್ಥಾನವಿಲ್ಲದ ಬ್ರಾಹ್ಮಣೇತರ ಸಮಾಜಗಳಿಗೆ ಏನು ಮಾಡಬೇಕೆಂಬುದು ಅದರ ಮುಂದಿದ್ದ ಪ್ರಶ್ನೆ. ಏಳು ವರ್ಷಗಳೊಳಗಾಗಿ ಮೇಲ್ದರ್ಜೆಯ ಉದ್ಯೋಗಗಳಲ್ಲಿ ಅರ್ಧಕ್ಕೆ ಕಡಮೆಯಿಲ್ಲದಷ್ಟೂ ಕೆಳದರ್ಜೆಯವುಗಳಲ್ಲಿ ಮೂರರಲ್ಲಿ ಎರಡು ಪಾಲೂ ಆ ಸಮಾಜಗಳಿಗೆ ದೊರೆಯಬೇಕೆಂದು ಸಮಿತಿಯು ೧೯೧೯ರ ವರದಿಯಲ್ಲಿ ಸೂಚಿಸಿತು. ೧೯೨೧ರಲ್ಲಿ ಸರ್ಕಾರದ ಆಜ್ಞೆಯು ಹೊರಟಿತು. ದಿವಾನ್ ವಿಶ್ವೇಶ್ವರಯ್ಯನವರಿಗೆ ಈ ನೀತಿಯು ಸಮ್ಮತವಾಗಿರಲಿಲ್ಲ. ೧೯೧೮ರಲ್ಲಿಯೇ ಅವರು ಪದವಿಯನ್ನು ಬಿಟ್ಟರು. ಆ ವಿವಾದದಲ್ಲಿ ಯಾವ ಪಕ್ಷವು ಸರಿಯೆಂಬುದು ಪ್ರಕೃತ ವಿಷಯವಲ್ಲ. ಗಮನಿಸಬೇಕಾದುದು ಪ್ರಶ್ನೆಯು ಬದಲಾದ ಬಗೆಯನ್ನು. ರಿಸ್ಲಿಯು ಕೇಳಿದುದು, ಯಾರು ಎಷ್ಟು ಮೇಲಿನವರೆಂದು ಜನರು ಭಾವಿಸುತ್ತಾರೆ ಎಂದು. ಮಿಲ್ಲರ್ ಸಮಿತಿಯು ಕೇಳಿದುದು, ಕಚೇರಿಯಲ್ಲಿ ಯಾರು ಎಷ್ಟು ಮಂದಿ ಇದ್ದಾರೆ ಎಂದು. ಮೊದಲನೆಯದಕ್ಕೆ ಉತ್ತರ ವಾದ. ಎರಡನೆಯದಕ್ಕೆ ಉತ್ತರ ಅಂಕೆ.

ಮೇಲಿನವರೆಂದು ಬರೆಯಿರಿ ಎಂದು ಅರ್ಜಿ ಹಿಡಿದಿದ್ದ ಕಾಲವು ಹೋಗಿ, ಹಿಂದುಳಿದವರೆಂದು ಬರೆಯಿರಿ ಎಂದು ಅರ್ಜಿ ಹಿಡಿಯುವ ಕಾಲವು ಬಂದಿತೆಂದು ಕೆಲವರು ಪರಿಹಾಸ ಮಾಡುವುದುಂಟು. ೧೯೭೨ರಲ್ಲಿ ನೇಮಕವಾದ ಹಾವನೂರು ಆಯೋಗದ ಕಾಲದಿಂದ ಈಚೆಗೆ ಆ ಪರಿಹಾಸವು ಇನ್ನೂ ಹೆಚ್ಚಾಗಿ ಕೇಳಿಬಂದಿದೆ. ಆದರೆ ಎರಡು ಅರ್ಜಿಗಳನ್ನೂ ಬರೆಸಿದ ಸಂಕಟವು ಒಂದೇ. ಮಾನವು ಹೆಸರಿನಿಂದ ಬರುವುದೆಂದು ತೋರಿದಾಗ ಹೆಸರನ್ನು ಕೇಳಿದರು. ಶಾಲೆಯಿಂದಲೂ ಉದ್ಯೋಗದಿಂದಲೂ ಬರುವುದೆಂದು ತಿಳಿದಾಗ ಅವುಗಳನ್ನು ಕೇಳಿದರು. ಎರಡನೆಯದನ್ನು ಕೇಳುವುದು ಮೊದಲನೆಯದನ್ನು ಕೇಳುವುದಕ್ಕಿಂತ ವಿವೇಕವಲ್ಲದೆ ಅವಿವೇಕವಲ್ಲ.

೫. ಬಾವಿಯ ಪ್ರಶ್ನೆ

ಇಷ್ಟು ದೂರ ಬಂದ ವಾಚಕರಲ್ಲಿ ಒಂದು ಸಂದೇಹವು ಏಳಬಹುದು. ಅಂತಸ್ತೆಂಬುದು ಬರಿಯ ಅಭಿಪ್ರಾಯವಾದರೆ ಅದರಿಂದ ಯಾರಿಗೆ ಏನು ಕೆಟ್ಟಿತು? ಅಭಿಪ್ರಾಯವು ಗಾಳಿಯಲ್ಲವೆ?

ಇದಕ್ಕೆ ಉತ್ತರವು ಏಣಿಯ ಕೆಳತುದಿಯಲ್ಲಿದೆ. ನಡುವಣ ಮೆಟ್ಟಿಲಿನವರ ಜಗಳದಲ್ಲಿ ಕಂಬ, ಕುದುರೆ, ಬಾವುಟಗಳು ಪಣವಾಗಿದ್ದುವು. ಅಸ್ಪೃಶ್ಯರೆನಿಸಿಕೊಂಡವರ ಪಾಲಿಗೆ ಪಣವಾಗಿದ್ದುದು ನೀರು. ಊರಿನ ಬಾವಿಗೆ ಕೊಡವನ್ನು ಇಳಿಸಕೂಡದು, ದೇವಸ್ಥಾನದ ಹೊಸ್ತಿಲನ್ನು ದಾಟಕೂಡದು, ಶಾಲೆಯ ಜಗಲಿಯನ್ನು ಹತ್ತಕೂಡದು ಎಂಬುದರಲ್ಲಿ ಊರಿನ ಬೇರೆ ಬೇರೆ ಜಗಲಿಗಳಿಗೆ ಭಿನ್ನಾಭಿಪ್ರಾಯವಿರಲಿಲ್ಲ. ಪರಸ್ಪರ ಒಂದು ತಾಂಬೂಲಕ್ಕಾಗಿ ಬಡಿದಾಡುತ್ತಿದ್ದವರೆಲ್ಲರೂ ಇದರಲ್ಲಿ ಒಂದಾಗಿದ್ದರು. ಅಭಿಪ್ರಾಯವು ಎಲ್ಲರದೂ ಆದಾಗ ಅದು ಗಾಳಿಯಾಗಿ ಉಳಿಯುವುದಿಲ್ಲ, ಗೋಡೆಯಾಗುತ್ತದೆ. ೧೯೨೭ನೆಯ ಮಾರ್ಚಿಯಲ್ಲಿ ಡಾಕ್ಟರ್ ಅಂಬೇಡ್ಕರರು ಸಾವಿರಾರು ಜನರೊಡನೆ ಕೊಂಕಣದ ಮಹಾಡಿನಲ್ಲಿದ್ದ ಚವದಾರ್ ಕೆರೆಗೆ ನಡೆದು ಹೋಗಿ ನೀರನ್ನು ಮುಟ್ಟಿದರು. ಆ ಕೆರೆಯನ್ನು ಎಲ್ಲರೂ ಬಳಸಬಹುದೆಂದು ಪುರಸಭೆಯ ನಿರ್ಣಯವು ಮೊದಲೇ ಆಗಿತ್ತು. ಆದರೂ ಊರಿನ ಜನರು ಬಡಿಗೆಗಳನ್ನು ಹಿಡಿದು ಬಂದರು. ಕಾಗದದಲ್ಲಿ ತೆರೆದ ಕೆರೆಯು ಜನರ ಮನಸ್ಸಿನಲ್ಲಿ ಮುಚ್ಚಿಯೇ ಇತ್ತು.

೧೯೩೧ರ ಗಣತಿಯಲ್ಲಿ ಹಟ್ಟನನು ಈ ವರ್ಗದವರನ್ನು ಗುರುತಿಸುವುದಕ್ಕೆ ಹೊಸ ಪ್ರಶ್ನೆಗಳನ್ನು ರಚಿಸಿದನು. ಅವುಗಳಲ್ಲಿ ಕೆಲವು ಹಳೆಯ ಜಾಡಿನವೇ. ಆದರೆ ಒಂದು ಪ್ರಶ್ನೆಯು ಹೀಗಿತ್ತು: ರಸ್ತೆ, ದೋಣಿಗಂಡಿ, ಬಾವಿ, ಶಾಲೆ ಮೊದಲಾದ ಸಾರ್ವಜನಿಕ ಸೌಕರ್ಯಗಳನ್ನು ಬಳಸುವುದಕ್ಕೆ ಇವರಿಗೆ ತಡೆಯುಂಟೋ ಇಲ್ಲವೋ? ಇನ್ನೊಂದರ ಭಾವವು ಇದು: ಇವರು ಹಿಂದೆ ಬಿದ್ದುದು ಬಡತನ ಅವಿದ್ಯೆಗಳಿಂದ ಮಾತ್ರವೋ, ಅವು ನೀಗಿದ ಮೇಲೂ ಸಮಾಜವು ಇವರನ್ನು ದೂರವಿಡುವುದೋ? ನಮ್ಮ ಮತದಲ್ಲಿ, ಮೂವತ್ತು ವರ್ಷಗಳ ಗೊಂದಲವೆಲ್ಲವೂ ಈ ಎರಡು ಪ್ರಶ್ನೆಗಳಿಂದ ಸಾರ್ಥಕವಾಯಿತು. ಇವರು ಕೀಳೆಂದು ಭಾವಿಸುತ್ತೀರಾ ಎಂದು ಊರನ್ನು ಕೇಳುವುದು ಬೇರೆ. ಇವರಿಗೆ ಬಾವಿಯನ್ನು ಬಿಟ್ಟಿದ್ದೀರಾ ಎಂದು ಕೇಳುವುದು ಬೇರೆ. ಮೊದಲನೆಯ ಪ್ರಶ್ನೆಯಲ್ಲಿ ವಿಚಾರಣೆಗೆ ಗುರಿಯಾಗುವವನು ಕೆಳಗಿನವನು. ಎರಡನೆಯದರಲ್ಲಿ ಊರೇ ವಿಚಾರಣೆಗೆ ಗುರಿಯಾಗುತ್ತದೆ.

ಮೈಸೂರು ಸಂಸ್ಥಾನದಲ್ಲಿ ಆ ವರ್ಷದ ಗಣತಿಯನ್ನು ನಡೆಸಿ ವರದಿಯನ್ನು ಬರೆದವರು ಕನ್ನಡಿಗರೆಲ್ಲರಿಗೂ ಪ್ರಿಯರಾದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು. ಒಬ್ಬೊಬ್ಬ ಮನುಷ್ಯನ ಸುಖದುಃಖವನ್ನು ಅಷ್ಟು ಹತ್ತಿರದಿಂದ ಕಂಡ ಕಥೆಗಾರರು ಲಕ್ಷಾಂತರ ಜನರನ್ನು ಕಂಬಸಾಲುಗಳಲ್ಲಿ ತುಂಬುವ ಹೊಣೆಯನ್ನೂ ಹೊತ್ತರೆಂಬುದು ಸ್ಮರಣೀಯವಾದ ವಿಷಯ.

ಸ್ವಾತಂತ್ರ್ಯವು ಬಂದ ಮೇಲೆ, ೧೯೫೧ರ ಗಣತಿಯಿಂದ, ಪರಿಶಿಷ್ಟ ಜಾತಿ ಪಂಗಡಗಳ ಹೊರತು ಉಳಿದ ಜಾತಿಗಳ ಎಣಿಕೆಯನ್ನು ಕೈಬಿಡಲಾಯಿತು. ಮುಂದಿನ ಗಣತಿಯಲ್ಲಿ ಎಲ್ಲ ಜಾತಿಗಳನ್ನೂ ಎಣಿಸಲಾಗುವುದೆಂದು ಕೇಂದ್ರ ಸರ್ಕಾರವು ೨೦೨೫ನೆಯ ಏಪ್ರಿಲ್ ೩೦ರಂದು ಪ್ರಕಟಿಸಿತು. ಎಣಿಸಬೇಕೆ ಬೇಡವೆ ಎಂಬ ವಾದವು ಅದಕ್ಕೆ ಮೊದಲೂ ನಡೆಯಿತು, ಅನಂತರವೂ ನಡೆಯಿತು. ಚರಿತ್ರೆಯು ಈ ವಾದಕ್ಕೆ ನೇರವಾದ ತೀರ್ಪನ್ನು ಕೊಡಲಾರದು. ಆದರೆ ಒಂದು ವಿವೇಕವನ್ನು ಕಲಿಸಬಲ್ಲದು. ಕೇಡು ಹುಟ್ಟಿದುದು ಎಣಿಕೆಯಿಂದಲ್ಲ, ಏನನ್ನು ಎಣಿಸುತ್ತಿದ್ದೇವೆಂಬುದನ್ನು ಮರೆತುದರಿಂದ. ಬರಗಾಲದಲ್ಲಿ ಸತ್ತವರನ್ನೂ ಶಾಲೆಯನ್ನು ಕಾಣದ ಮಕ್ಕಳನ್ನೂ ಮುಚ್ಚಿದ ಬಾವಿಗಳನ್ನೂ ಎಣಿಸಿದರೆ ದೊರೆಯುವುದು ಸತ್ಯ. ಗೌರವವನ್ನು ಎಣಿಸಹೊರಟರೆ ದೊರೆಯುವುದು ಕಂಚಿಯ ತಾಮ್ರಪಟ.

ಸರ್ಕಾರಕ್ಕೆ ಹೇಳಿದ ಈ ಮಾತು ನಮ್ಮ ಮನೆಗಳಿಗೂ ಸಲ್ಲುತ್ತದೆ. ಗಣತಿಯು ಹತ್ತು ವರ್ಷಕ್ಕೊಮ್ಮೆ ಬರುವುದು. ನಮ್ಮ ಜಗಲಿಯ ಗಣತಿಯು ದಿನವೂ ನಡೆಯುವುದು. ಕೆಲಸಕ್ಕೆ ಬಂದವಳಿಗೆ ಬೇರೆ ಲೋಟವನ್ನು ಎತ್ತಿಡುವಾಗ, ಬಾಡಿಗೆಗೆ ಮನೆ ಕೇಳಿ ಬಂದವನನ್ನು ಹೆಸರಿನ ಮೇಲೆ ಹೆಸರು ಕೇಳಿ ಪರೀಕ್ಷಿಸುವಾಗ, ನಾವು ಕಂಡದ್ದನ್ನು ಮಾತ್ರ ನಡೆಸುತ್ತಿದ್ದೇವೆಂದು ತಿಳಿದುಕೊಂಡಿರುತ್ತೇವೆ. ರಿಸ್ಲಿಯೂ ಹಾಗೆಯೇ ತಿಳಿದಿದ್ದನು. ಅವರು ಯಾವ ಮೆಟ್ಟಿಲಿನವರೆಂದು ಕೇಳುವ ಮೊದಲು ನಮ್ಮ ಬಾವಿಯನ್ನು ಯಾರಿಗೆ ಮುಚ್ಚಿದ್ದೇವೆಂದು ಕೇಳಿಕೊಳ್ಳುವ ಮನೆಯು, ತಾಂಬೂಲದ ತಟ್ಟೆಯನ್ನು ಯಾರ ಕಡೆಗೆ ತಿರುಗಿಸಿದರೂ ಸಭೆಯಲ್ಲಿ ಯಾರ ಮನಸ್ಸನ್ನೂ ನೋಯಿಸಲಾರದು.